ಗೇಮ್ ಬಾಯ್ ಕೊಂಡೆ, ಹಾಡು ಕಳೆದುಕೊಂಡೆ: ಚಿಪ್‌ಟ್ಯೂನ್‌ಗೆ ಮೂರು ದಾರಿ

ಹಳೇ ವಿಡಿಯೋ ಗೇಮ್ ಚಿಪ್‌ನ ದನಿಗಳಲ್ಲೇ ಕಟ್ಟುವ ಹಾಡಿಗೆ ಚಿಪ್‌ಟ್ಯೂನ್ ಅನ್ನುತ್ತಾರೆ. ಅದಕ್ಕೆ ನಾನು ಮೂರು ದಾರಿ ಹಿಡಿದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಾಮಿಟ್ರ್ಯಾಕರ್‌ಗೆ. ಕಂಪ್ಯೂಟರಿನಲ್ಲಿ ಇಂಥ ಹಾಡು ಬರೆಯುವ ಬಿಟ್ಟಿ ಸಾಫ್ಟ್‌ವೇರ್. ಮನೆಯ ಹಳೇ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಈ ಬುದ್ಧಿ ಬರುವಷ್ಟರಲ್ಲಿ ನನ್ನ 14 ಸಾವಿರ ರೂಪಾಯಿ ಹೋಗಿತ್ತು.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿದೆಯಾ? ಕಾರ್ಟ್ರಿಜ್‌ಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಅವುಗಳಲ್ಲಿ ಬಹಳಷ್ಟು 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಒಳಗಿನ ಚಿಪ್‌ಗೆ ಇರುವುದು ಐದೇ ದನಿ: ಎರಡು ಪಲ್ಸ್ (ಚೌಕಾಕಾರದ ಅಲೆ), ಒಂದು ತ್ರಿಕೋನಾಕಾರದ ಅಲೆ, ಒಂದು ಬುಸ್ಸೆನ್ನುವ ನಾಯ್ಸ್, ಒಂದು ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ದನಿಯ ತುಣುಕು). ಇಷ್ಟರಲ್ಲೇ ಹಾಡು ಕಟ್ಟು ಅನ್ನುವುದೇ ಚಿಪ್‌ಟ್ಯೂನ್‌ನ ಮಜಾ. ಪ್ರಶ್ನೆ ಏನಂದರೆ, ಆ ನಿಯಮ ಮುರಿಯದಂತೆ ನಮ್ಮನ್ನು ಕಾಯುವವರು ಯಾರು?

ಮೊದಲು ಪ್ಲಗಿನ್ ಹಾಕಿ ನೋಡಿದೆ. ಮಾಮೂಲಿ ಮ್ಯೂಸಿಕ್ ಸಾಫ್ಟ್‌ವೇರ್‌ನೊಳಗೆ ಹಳೇ ದನಿ ಬರಿಸುವ ಥರದ್ದು. ಇಲ್ಲಿ ಕಾವಲು ನಾನೇ. ಏಕಾದಶಿ ಉಪವಾಸ ಹಿಡಿದು ಅಡುಗೆಮನೆಯಲ್ಲೇ ಕೂತ ಹಾಗೆ. ನಾಲ್ಕು ಟ್ರ್ಯಾಕ್ ಸಾಕು ಅಂತ ಶುರು ಮಾಡಿದೆ. ರಾತ್ರಿ ಹನ್ನೊಂದಕ್ಕೆ ಒಂಬತ್ತಾಗಿತ್ತು, ಮೇಲೆ ಒಂದಿಷ್ಟು ಎಕೋ ಬೇರೆ. ಗೆಳೆಯ ಕೇಳಿ, ‘ಮದುವೆ ಆರ್ಕೆಸ್ಟ್ರಾ ಕೀಬೋರ್ಡ್ ಥರ ಇದೆಯಲ್ಲೋ’ ಅಂದ. ಇಂಥದ್ದಕ್ಕೆ ಬಲ್ಲವರು ‘ಫೇಕ್‌ಬಿಟ್’ ಅನ್ನುತ್ತಾರೆ. ಅದೇನೂ ಪಾಪವಲ್ಲ, ನನಗೆ ಆಗಿಬರಲಿಲ್ಲ ಅಷ್ಟೇ.

ಆಮೇಲೆ ಗೇಮ್ ಬಾಯ್. ನಿಂಟೆಂಡೊ ಕಂಪನಿಯದೇ, ಕೈಯಲ್ಲಿ ಹಿಡಿದು ಆಡುವ 1989ರ ಬೂದು ಡಬ್ಬಿ, ಜೊತೆಗೆ ಎಲ್‌ಎಸ್‌ಡಿಜೆ. ಅದು ಸ್ವೀಡನ್ನಿನ ಯೋಹಾನ್ ಕೋಟ್ಲಿನ್‌ಸ್ಕಿ 2000ದಲ್ಲಿ ತಂದ, ಗೇಮ್ ಬಾಯ್‌ನಲ್ಲೇ ಹಾಡು ಬರೆಯುವ ಪ್ರೋಗ್ರಾಂ. ನಾಲ್ಕು ದನಿ. ಮೂರನೆಯದಕ್ಕೆ ಅಲೆಯ ಆಕಾರವನ್ನು ನಾವೇ ಬರೆಯಬಹುದು, 32 ಚುಕ್ಕಿಗಳಲ್ಲಿ. ಆ ಬೇಸ್ ಇದೆಯಲ್ಲ, ಹೆಡ್‌ಫೋನ್ ಹಾಕಿದರೆ ಎದೆಗೇ ಗುದ್ದುತ್ತದೆ. ತಾರಸ್ಥಾಯಿಗೆ ಹೋದಂತೆ ಶ್ರುತಿ ಸ್ವಲ್ಪ ತಪ್ಪುತ್ತದೆ. ಅದೂ ಚೆಂದವೇ.

ಕೈಕೊಟ್ಟಿದ್ದು ಸೇವ್.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್. ಅದರಲ್ಲಿ ಪ್ರೋಗ್ರಾಂ ಭದ್ರವಾಗಿರುತ್ತದೆ. ಆದರೆ ನಾವು ಬರೆದ ಹಾಡು ಕೂರುವ ಮೆಮೊರಿಯನ್ನು ಜೀವಂತ ಇಡುವುದು ಒಂದು ಬಟನ್ ಸೆಲ್. ಮೂರು ವಾರ ಬಸ್ಸಿನಲ್ಲಿ ಕೂತು ಕಟ್ಟಿದ ಹಾಡು. ಶುಕ್ರವಾರ ರಾತ್ರಿ ಆಫ್ ಮಾಡಿದ್ದೆ, ಭಾನುವಾರ ಆನ್ ಮಾಡಿದರೆ ಎಲ್ಲ ಖಾಲಿ. ನಾನೇ ಏನೋ ಒತ್ತಿರಬೇಕು ಅಂದುಕೊಂಡು ಮತ್ತೆ ಶುರು ಮಾಡಿದೆ. ಮತ್ತೆ ಹೋಯಿತು. ಬಿಚ್ಚಿ ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದ ಸೆಲ್‌ನಲ್ಲಿ 1.9. ಮಾರಿದವನಿಗೆ ಫೋನ್ ಮಾಡಿದೆ. ‘ಹಳೇ ಸಾಮಾನು ಅಲ್ವಾ ಸಾರ್’ ಅಂದ.

ಸೆಲ್ ಬದಲಿಸುವುದೇನು ಮಹಾ ಅನ್ನಬೇಡಿ. ಅದು ವಾಚಿನ ಸೆಲ್ ಥರ ಎತ್ತಿ ಹಾಕುವಂಥದ್ದಲ್ಲ, ಲೋಹದ ಪಟ್ಟಿಗೆ ಅಂಟಿಸಿ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಎಸ್‌ಪಿ ರೋಡಿನ ಒಂದು ಅಂಗಡಿಯವರು ಪಟ್ಟಿ ಇರುವ ಸೆಲ್ ಇಲ್ಲವೆಂದು ಹೋಲ್ಡರ್ ಕೂರಿಸಿಕೊಟ್ಟರು. ಈಗ ಕಾರ್ಟ್ರಿಜ್ ಮುಚ್ಚಳ ಮುಚ್ಚುತ್ತಿಲ್ಲ! ಟೇಪ್ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಎಲ್ಲೋ ಒಂದು ಹಂಪ್ ಮೇಲೆ ಬಸ್ಸು ಹಾರಿತು, ಸೆಲ್ ಅಲುಗಿತು, ಮೂರನೇ ಹಾಡೂ ಮಟಾಷ್. ಬ್ಯಾಟರಿ ಬೇಡದ ಎಫ್‌ರ‍್ಯಾಮ್ ಮೆಮೊರಿಯ ಕಾರ್ಟ್ರಿಜ್‌ಗಳೂ ಇವೆ ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ಜೇಬೂ ಖಾಲಿ, ಹುಮ್ಮಸ್ಸೂ ಖಾಲಿ.

ಫಾಮಿಟ್ರ್ಯಾಕರ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಮುಗಿಯಿತು. ಕಾವಲು ಕೆಲಸವೂ ಅದರದ್ದೇ: ಪರದೆ ಮೇಲೆ ದನಿಗೊಂದರಂತೆ ಐದು ಕಂಬ, ಆರನೆಯದಿಲ್ಲ. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ನುಡಿಸಬೇಕಾ? 047 (ಮೂಲ ಸ್ವರ, ಅದರಿಂದ 4 ಮತ್ತು 7 ಅರ್ಧಸ್ವರ ಮೇಲಿನವು) ಅಂತ ಬರೆದರೆ ಒಂದೇ ದನಿ ಮೂರು ಸ್ವರಗಳ ನಡುವೆ ಸೆಕೆಂಡಿಗೆ 60 ಸಲ ಜಿಗಿದು ಮೂರೂ ಒಟ್ಟಿಗೆ ಇದ್ದಂತೆ ಕೇಳಿಸುತ್ತದೆ. ತ್ರಿಕೋನ ದನಿಗೆ ವಾಲ್ಯೂಮೇ ಇಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಮೌನ. ಆದರೆ ಒಂದು ಒಳದಾರಿ ಇದೆ. ಸ್ಯಾಂಪಲ್ ದನಿಯ ಮಟ್ಟ ಏರಿಸಿದರೆ ತ್ರಿಕೋನ ಸ್ವಲ್ಪ ತಗ್ಗುತ್ತದೆ, ಯಾಕೆಂದರೆ ಚಿಪ್ ಒಳಗೆ ಇವೆರಡೂ ಬೆರೆಯುವ ಜಾಗ ಒಂದೇ. ಇದು ಮೋಸ ಅಲ್ಲ, ಯಂತ್ರವೇ ಕೊಟ್ಟ ಸಲುಗೆ.

ಕಂಬ ಹೆಚ್ಚಿಸುವ ಆಸೆಯೂ ಅಲ್ಲೇ ಕೂತಿದೆ. ಕೊನಾಮಿ ಎಂಬ ಗೇಮ್ ಕಂಪನಿಯ ವಿಆರ್‌ಸಿ6 ಚಿಪ್ ಸೇರಿಸಿಕೊಂಡರೆ ಇನ್ನೂ ಮೂರು ದನಿ. ಜಪಾನಿನ ಕೆಲವು ಕಾರ್ಟ್ರಿಜ್‌ಗಳಲ್ಲಿ ಅದು ನಿಜವಾಗಿಯೂ ಇತ್ತು, ಹಾಗಾಗಿ ನ್ಯಾಯವೇ. ಆದರೆ ಅಮೆರಿಕಕ್ಕೆ ಹೋದ ಫ್ಯಾಮಿಕಾಮ್, ಅಂದರೆ ಎನ್‌ಇಎಸ್, ಕಾರ್ಟ್ರಿಜ್‌ನ ದನಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಮುಟ್ಟುವುದಿಲ್ಲ. ಮುಟ್ಟಿದರೆ ಮತ್ತೆ ಒಂಬತ್ತು ಟ್ರ್ಯಾಕ್ ಆಗುತ್ತದೆ, ನನ್ನ ಬುದ್ಧಿ ನನಗೆ ಗೊತ್ತು.

ಮಗಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಗೆ ಫಾಮಿಟ್ರ್ಯಾಕರ್ ಒಂದೇ ಸರಿ. ಬಸ್ಸಿನಲ್ಲೇ ಬರೆಯುವವರು, ಕೈಯಲ್ಲಿ ಕಾಸಿರುವವರು ಒಳ್ಳೆ ಕಾರ್ಟ್ರಿಜ್ ನೋಡಿ ಗೇಮ್ ಬಾಯ್ ತಗೊಳ್ಳಿ. ಆ ಬೇಸ್‌ಗೆ ಸಾಟಿ ನನಗಂತೂ ಸಿಕ್ಕಿಲ್ಲ.

ಇನ್ನೊಂದು ಮಾತು. ಪಲ್ಸ್ ಅಲೆ ಒಂದು ಸುತ್ತಿನಲ್ಲಿ ಎಷ್ಟು ಪಾಲು ಮೇಲಿರುತ್ತದೆ ಅನ್ನುವುದರ ಮೇಲೆ ದನಿಯ ಬಣ್ಣ ಬದಲಾಗುತ್ತದೆ. 25 ಪರ್ಸೆಂಟ್ ಪಲ್ಸ್‌ನಲ್ಲಿ ಏನೇ ನುಡಿಸಿದರೂ ಚಿಕ್ಕಂದಿನಲ್ಲಿ ಕೇಳಿದ ಹಾಗೆ ಇಲ್ಲವಲ್ಲ ಅನ್ನಿಸುತ್ತಿತ್ತು. ಕೆಲವು ನಕಲಿ ಚಿಪ್‌ಗಳಲ್ಲಿ 25 ಮತ್ತು 50 ಅದಲುಬದಲಾಗಿವೆಯಂತೆ. ನಮ್ಮ ಮನೆಯದೂ ಅಂಥದ್ದೇ ಇರಬೇಕು. ಈಗ ಫಾಮಿಟ್ರ್ಯಾಕರ್‌ನಲ್ಲಿ ವಿ01 (25 ಪರ್ಸೆಂಟ್) ಅಳಿಸಿ ವಿ02 (50 ಪರ್ಸೆಂಟ್) ಹಾಕುತ್ತೇನೆ, ಬೇಸಿಗೆ ರಜೆ ಬಂದುಬಿಡುತ್ತದೆ.