ರೇಡಿಯೇಶನ್ ತಡೆಯುವ ಚಾಪೆ ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ

ಡೊಂಬಿವಲಿ, ಕಲ್ಯಾಣ, ಥಾಣೆ ಕಡೆ ಇರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಂಪ್ಯೂಟರ್ ಮುಂದೆ ಕೂತರೆ ತಲೆ ಭಾರವಾಗುತ್ತದೆ, ಮುಖ ಉರಿಯುತ್ತದೆ, ಕೈ ಜುಮುಜುಮು ಅನ್ನುತ್ತದೆ ಅನ್ನುವವರು ಇನ್ನೂ ಗಮನವಿಟ್ಟು ಓದಿ. ನಾನೂ ಅಂಥವಳೇ. ರೇಡಿಯೇಶನ್ ತಡೆಯುತ್ತದೆ ಅಂತ ಚಾಪೆ, ಸ್ಟಿಕ್ಕರ್ ಮಾರಲು ನಮ್ಮಂಥವರನ್ನೇ ಹುಡುಕಿಕೊಂಡು ಬರುವ ಒಂದು ವ್ಯಾಪಾರ ಇದೆ. ಅದರಲ್ಲಿ ಹೋಗುವುದು ದುಡ್ಡು ಮಾತ್ರ ಅಲ್ಲ, ಜೀವಕ್ಕೂ ಅಪಾಯ ಇದೆ.

ನಾನು ಮನೆಯಲ್ಲೇ ಕೂತು ಕೆಲವು ಹೋಟೆಲುಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪಿನ ಚಿಕ್ಕ ಪರದೆ ಸಾಲದು ಅಂತ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಮಾರ್ಕೆಟ್ಟಿನಿಂದ ಡೆಸ್ಕ್‌ಟಾಪ್ ತಂದೆವು. ಅದು ಬಂದ ಮೇಲೆ ನನ್ನ ತೊಂದರೆ ಜಾಸ್ತಿಯಾಯಿತು. ಕ್ಯಾಬಿನೆಟ್ಟಿನ ತಗಡಿಗೆ ಕೈ ತಾಗಿದರೆ ಬೆರಳಲ್ಲಿ ಸಣ್ಣಗೆ ಜುಮ್ ಅನ್ನುತ್ತಿತ್ತು. ಸಂಜೆ ಆಗುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಪರಿಚಯದವರೊಬ್ಬರು ಇಂಥದ್ದಕ್ಕೆಲ್ಲ ಪರಿಹಾರ ಕೊಡುವವರು ಇದ್ದಾರೆ ಅಂತ ಒಬ್ಬನನ್ನು ಮನೆಗೆ ಕಳಿಸಿದರು. ಅವನೂ ನಮ್ಮ ಕುಂದಾಪುರ ಕಡೆಯವನೇ. "ಅಕ್ಕ, ನಿಮ್ಮ ಕಷ್ಟ ನಂಗೆ ಗೊತ್ತುಂಟು, ನನ್ನ ಹೆಂಡತಿಗೂ ಹೀಗೇ ಆಗ್ತಿತ್ತು" ಅಂದ. ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ನಂಬಿಕೆ ಹುಟ್ಟಿದ್ದೇ ಅಲ್ಲಿ.

ಅವನು ಮಾಡಿ ತೋರಿಸಿದ್ದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಗೆ ಬಂದವರೂ ಇದನ್ನೇ ಮಾಡಿ ತೋರಿಸಬಹುದು. ಮಲ್ಟಿಮೀಟರಿನ ಒಂದು ತಂತಿಯನ್ನು ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಗೆ ಹಾಕಿದ. ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ಮೀಟರಿನಲ್ಲಿ ಕೆಲವು ವೋಲ್ಟ್ ತೋರಿಸಿತು. "ನೋಡಿ, ನಿಮ್ಮ ಮೈಯಲ್ಲಿ ಇಷ್ಟು ಕರೆಂಟ್ ಓಡಾಡ್ತಾ ಇದೆ" ಅಂದ. ಆಮೇಲೆ ಕಪ್ಪು ಚಾಪೆ ಹಾಸಿ, ಅದರ ತಂತಿಯನ್ನೂ ಅದೇ ಅರ್ಥಿಗೆ ಸಿಕ್ಕಿಸಿ, ಅದರ ಮೇಲೆ ಬರಿಗಾಲಿಟ್ಟುಕೊಳ್ಳಿ ಅಂದ. ಮೀಟರ್ ಸೊನ್ನೆಗೆ ಇಳಿಯಿತು. ಯಾರಿಗಾದರೂ ನಂಬಿಕೆ ಬಂದೇ ಬರುತ್ತದೆ, ಅಲ್ವಾ?

ಆದರೆ ವಿಷಯ ಇಷ್ಟೇ. ಗೋಡೆಯೊಳಗಿನ ತಂತಿಗಳ ಹತ್ತಿರ ನಿಂತ ಯಾರ ಮೈಯಲ್ಲೂ ಮೀಟರ್ ಕೆಲವು ವೋಲ್ಟ್ ತೋರಿಸುತ್ತದೆ. ಅದು ರೋಗದ ಅಳತೆ ಅಲ್ಲ. ಚಾಪೆಯ ಮೇಲೆ ಕಾಲಿಟ್ಟಾಗ ಮೀಟರಿನ ಎರಡು ತಂತಿಗಳೂ ಒಂದೇ ಜಾಗಕ್ಕೆ ಸೇರಿದ ಹಾಗಾಗುತ್ತದೆ. ಸೊನ್ನೆ ಬರದೆ ಇನ್ನೇನು ಬರಬೇಕು? ಆ ಅರ್ಥ್ ಸತ್ತಿದ್ದರೂ, ಅಂದರೆ ನೆಲದವರೆಗೆ ಹೋಗದಿದ್ದರೂ, ಸೊನ್ನೆಯೇ ಬರುತ್ತದೆ.

ನಮ್ಮ ಮನೆಯಲ್ಲಿ ಅದು ಸತ್ತೇ ಇತ್ತು.

ಚಾಪೆ, ಕಂಪ್ಯೂಟರಿಗೂ ಫೋನಿಗೂ ಅಂಟಿಸುವ ಸ್ಟಿಕ್ಕರ್, ರೌಟರಿಗೆ ಮುಚ್ಚುವ ಜಾಲರಿ ಡಬ್ಬ, ಎಲ್ಲ ಸೇರಿ ಹದಿನಾಲ್ಕು ಸಾವಿರ ತೆಗೆದುಕೊಂಡ. ಮೊದಮೊದಲು ಹಾಯೆನಿಸಿದ್ದೂ ನಿಜ. ಮಳೆಗಾಲದ ಒಂದು ಸಂಜೆ ವಾಷಿಂಗ್ ಮಶೀನ್ ತಿರುಗುತ್ತಿತ್ತು, ನಾನು ಚಾಪೆಯ ಮೇಲೆ ಕಾಲಿಟ್ಟು ಕೆಲಸ ಮಾಡುತ್ತಿದ್ದೆ. ಮಳೆ ಎರಚಲು ಹೊಡೆಯಿತು ಅಂತ ಕಿಟಕಿ ಹಾಕಲು ಕೈ ಚಾಚಿದೆ. ಒದ್ದೆ ಗ್ರಿಲ್ ಮುಟ್ಟಿದ್ದೇ ತಡ, ಅಂಗಾಲಿನಿಂದ ಭುಜದವರೆಗೆ ಶಾಕ್ ಹೊಡೆದು ಕುರ್ಚಿಯ ಸಮೇತ ಹಿಂದೆ ಬಿದ್ದೆ. ಕೈ ಗ್ರಿಲ್ಲಿನಿಂದ ಬಿಟ್ಟುಕೊಂಡಿತು, ಹಾಗಾಗಿ ಬದುಕಿದೆ.

ಮೇಲಿನ ಮಾಳಿಗೆಯ ಮಾಮ ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದವರು. ಬಂದವರೇ ಮೇನ್ ಇಳಿಸಿ ಬೋರ್ಡು ಬಿಚ್ಚಿದರು. "ಇಲ್ಲಿ ಅರ್ಥೇ ಇಲ್ವಲ್ಲಮ್ಮ!" ಅಂದರು. ಮನೆಯ ಎಲ್ಲ ಪಾಯಿಂಟುಗಳ ಅರ್ಥ್ ತಂತಿಗಳು ಒಂದಕ್ಕೊಂದು ಸೇರಿದ್ದವು, ಆದರೆ ಕೆಳಗಿನ ಮೀಟರ್ ರೂಮಿಗೆ ಹೋಗಬೇಕಾದ ತಂತಿ ತುಂಡಾಗಿತ್ತು. ಹೀಗಿದ್ದರೆ ಒಂದು ಮಶೀನಿನಲ್ಲಿ ಕರೆಂಟ್ ಸೋರಿದರೂ ಸಾಕು, ಉಳಿದ ಎಲ್ಲದರ ತಗಡಿಗೂ ಅದು ಬರುತ್ತದೆ. ವಾಷಿಂಗ್ ಮಶೀನಿನ ಮೋಟಾರ್ ಸೋರುತ್ತಿತ್ತು. ಅದು ಚಾಪೆಯ ತಂತಿಯಿಂದ ನೇರವಾಗಿ ನನ್ನ ಕಾಲಡಿಗೆ ಬಂತು, ಒದ್ದೆ ಗ್ರಿಲ್ ಮುಟ್ಟಿದಾಗ ನನ್ನ ಮೈಯಿಂದ ಹಾದುಹೋಯಿತು.

ಅವರು ಚಾಪೆಯ ತಂತಿಯನ್ನೂ ಕೊಯ್ದು ನೋಡಿದರು. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಬಳಸುವ ಇಂಥ ಚಾಪೆಗಳ ತಂತಿಯಲ್ಲಿ ಸಾಮಾನ್ಯವಾಗಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. 230 ವೋಲ್ಟ್ ಬಂದರೂ ಕಾಲು ಮಿಲಿಆಂಪಿಗಿಂತ ಜಾಸ್ತಿ ಹರಿಯಲು ಅದು ಬಿಡುವುದಿಲ್ಲ. ನನಗೆ ಮಾರಿದ್ದರಲ್ಲಿ ಬರೀ ತಾಮ್ರದ ತಂತಿ ಇತ್ತು.

ಬೆರಳು ಜುಮ್ ಅನ್ನುತ್ತಿದ್ದದ್ದಕ್ಕೂ ಕಾರಣ ಇದೇ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಕರೆಂಟಿನಲ್ಲಿ ಬೆರೆತ ಬೇಡದ ಅಲೆಗಳನ್ನು ಸೋಸುವ ಕೆಪಾಸಿಟರ್ ಅನ್ನುವ ಸಣ್ಣ ಭಾಗಗಳಿರುತ್ತವೆ. ಅವು ತಗಡಿಗೆ ಸ್ವಲ್ಪ ಕರೆಂಟ್ ಬಿಡುತ್ತವೆ. ಅರ್ಥ್ ಇದ್ದರೆ ಅದು ಅಲ್ಲಿಂದ ಹೋಗಿಬಿಡುತ್ತದೆ. ಇಲ್ಲದಿದ್ದರೆ ತಗಡಿನ ಮೇಲೆ ಮನೆಯ ವೋಲ್ಟೇಜಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ಕೂತಿರುತ್ತದೆ. ಕರೆಂಟ್ ತೀರಾ ಕಡಿಮೆ, ಆದ್ದರಿಂದ ಬರೀ ಜುಮ್ ಅನ್ನುತ್ತದೆ. ಅರ್ಥ್ ಸರಿಮಾಡಿಸಿದ ದಿನವೇ ಅದು ನಿಂತಿತು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಅಂಥದ್ದು ಮೊದಲೇ ಇದ್ದಿದ್ದರೆ ಶಾಕ್ ಹೊಡೆದ ಕ್ಷಣವೇ ಕರೆಂಟ್ ಕಡಿಯುತ್ತಿತ್ತು.

ನಮ್ಮ ತೊಂದರೆಯನ್ನು ಸುಳ್ಳು ಅನ್ನುವವರ ಜೊತೆ ನಾನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2005ರಲ್ಲಿ ಈ ಲಕ್ಷಣಗಳು ನಿಜ, ಕೆಲವರಿಗೆ ತುಂಬಾ ಕಷ್ಟ ಕೊಡುತ್ತವೆ ಅಂತ ಹೇಳಿದೆ. ಆದರೆ ಇವಕ್ಕೆ ವಿದ್ಯುತ್ಕಾಂತೀಯ ಕ್ಷೇತ್ರವೇ, ಅಂದರೆ ಕರೆಂಟಿನ ತಂತಿ, ಫೋನ್, ವೈಫೈ ಇವುಗಳ ಸುತ್ತ ಹರಡುವ ಕಣ್ಣಿಗೆ ಕಾಣದ ಪ್ರಭಾವವೇ, ಕಾರಣ ಅನ್ನಲು ಆಧಾರವಿಲ್ಲ ಅಂತಲೂ ಹೇಳಿದೆ. ಆ ಕ್ಷೇತ್ರ ಯಾವಾಗ ಆನ್, ಯಾವಾಗ ಆಫ್ ಅಂತ ತಿಳಿಸದೆ ಮಾಡಿದ ಪರೀಕ್ಷೆಗಳಲ್ಲಿ ನಮ್ಮಂಥವರಿಗೂ ಅದನ್ನು ಗುರುತಿಸಲು ಆಗಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಅದೇ ಸಂಸ್ಥೆ ದೀಪದ ಮಿನುಗು, ಪರದೆಯ ಪ್ರತಿಫಲನ, ಮೇಜು ಕುರ್ಚಿ ಸರಿಯಿಲ್ಲದಿರುವುದು, ಕೋಣೆಯ ಗಾಳಿ, ಇವನ್ನೆಲ್ಲ ನೋಡಿ ಅನ್ನುತ್ತದೆ. ನನ್ನ ಹಳೆಯ ಟ್ಯೂಬ್‌ಲೈಟ್ ಪಟಪಟ ಅನ್ನುತ್ತಿತ್ತು. ಮಾನಿಟರ್ ಕಿಟಕಿಗೆ ಎದುರಾಗಿತ್ತು. ಎರಡನ್ನೂ ಬದಲಿಸಿದ ಮೇಲೆ ತಲೆನೋವು ಎಷ್ಟೋ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇನೆ.

ಆದರೂ ಈ ಕ್ಷೇತ್ರಗಳನ್ನು ದೂರ ಇಟ್ಟರೆ ಸಮಾಧಾನ ಅನ್ನುವವರಿಗೆ ಸುಲಭದ ದಾರಿಗಳಿವೆ. ಲ್ಯಾನ್ ಕೇಬಲ್ ಎಳೆದು ಕಂಪ್ಯೂಟರಿನ ವೈಫೈ ಆಫ್ ಮಾಡಿ. ತಂತಿಯ ಕೀಬೋರ್ಡ್, ಮೌಸ್ ಸಾಕು. ಕ್ಯಾಬಿನೆಟ್ಟನ್ನೂ ಎಕ್ಸ್‌ಟೆನ್ಶನ್ ಬೋರ್ಡನ್ನೂ ಕಾಲ ಬುಡದಿಂದ ಆಚೆ ಸರಿಸಿ, ದೂರ ಹೋದ ಹಾಗೆ ಅವುಗಳ ಕ್ಷೇತ್ರ ಬೇಗ ಇಳಿಯುತ್ತದೆ. ಇದಕ್ಕೆ ಕೆಲವು ನೂರು ರೂಪಾಯಿ ಸಾಕು.

ಸ್ಟಿಕ್ಕರ್ ಬಗ್ಗೆಯೂ ಹೇಳಿಬಿಡುತ್ತೇನೆ. ಫೋನಿನ ಸಿಗ್ನಲ್ಲಿಗೆ ಅಡ್ಡ ಬಂದರೆ ಫೋನ್ ಇನ್ನೂ ಜೋರಾಗಿ ಕೆಲಸ ಮಾಡಿ ಹೊರಸೂಸುವುದು ಜಾಸ್ತಿಯಾಗಬಹುದು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆ ಎಫ್‌ಟಿಸಿ ಎಚ್ಚರಿಸಿದೆ. ಬ್ರಿಟನ್ನಿನಲ್ಲಿ 2020ರಲ್ಲಿ 5ಜಿ ತಡೆಯುತ್ತದೆ ಅಂತ 300 ಪೌಂಡಿಗೂ ಜಾಸ್ತಿಗೆ ಮಾರುತ್ತಿದ್ದ ವಸ್ತುವನ್ನು ಬಿಚ್ಚಿ ನೋಡಿದರೆ ಸಾಮಾನ್ಯ ಪೆನ್ ಡ್ರೈವ್ ಸಿಕ್ಕಿತು.

ನನಗೆ ಮಾರಿದವನು ಈಗ ಫೋನ್ ಎತ್ತುವುದಿಲ್ಲ. ಅವನಿಂದಲೋ ಬೇರೆಯವರಿಂದಲೋ ಇಂಥ ಚಾಪೆ ಕೊಂಡಿದ್ದರೆ ಇವತ್ತೇ ಅದರ ಪ್ಲಗ್ ಕಿತ್ತಿಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪ್ರತಿ ಪಾಯಿಂಟಿನ ಅರ್ಥ್ ನೋಡಿಸಿ. ಬಲ್ಬ್ ಹಿಡಿದು ನೀವೇ ನೋಡಲು ಹೋಗಬೇಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿ, ಸೊಸೈಟಿ ಕಾರ್ಯದರ್ಶಿಗೂ ಒಂದು ಪ್ರತಿ ಕೊಡಿ.