ಕೆತ್ತನೆ ಕಲಿಯುವವರಿಗೆ: ಶಿವನೆಯೋ, ಸಾಗುವಾನಿಯೋ?

ಸಾಗರ, ಸೊರಬದಲ್ಲಿ ಕೆತ್ತನೆಯನ್ನೇ ಕುಲಕಸುಬಾಗಿಸಿಕೊಂಡ ಗುಡಿಗಾರರ ಶ್ರೀಗಂಧದ ಕುಸುರಿಗೆ ಮನಸೋತು ಉಳಿ ಹಿಡಿಯುವವರು ಮೊದಲು ತೀರ್ಮಾನಿಸಬೇಕಾದದ್ದು ಮರವನ್ನು. ಏಕೆಂದರೆ ಕಾಗದದ ಮೇಲಿನ ನಕ್ಷೆಯಲ್ಲಿ ಎಷ್ಟು ಉಳಿಯಬಲ್ಲದೆಂಬುದು ಮರವನ್ನೇ ಅವಲಂಬಿಸಿದೆ. ಶಿವನೆ ಮರ ಹಗುರ, ಮೃದು. ಬಳ್ಳಿಯ ತಿರುವನ್ನು ಕೆತ್ತುತ್ತಲೇ ಬದಲಿಸಿ ನೋಡುವ ಸಲುಗೆ ಅದರಲ್ಲಿದೆ. ಸಾಗುವಾನಿಯ ಎಳೆ ಒರಟು. ಎಳೆಗೆ ಅಡ್ಡಲಾಗಿ ನಿಂತ ತೆಳು ದಳದ ತುದಿ ಕೊಡತಿಯ ಏಟು ತುಸು ಹೆಚ್ಚಾದರೂ ಚಕ್ಕೆಯೆದ್ದು ಹಾರಿಹೋಗುವುದರಿಂದ, ದಳವನ್ನು ದಪ್ಪಗೊಳಿಸಿ, ಗೆರೆಗಳನ್ನು ಕಡಿಮೆ ಮಾಡಿ, ಎಳೆಯ ಜಾಡಿನಲ್ಲೇ ವಿನ್ಯಾಸವನ್ನು ಯೋಚಿಸಬೇಕಾಗುತ್ತದೆ. ಅದರಲ್ಲಿರುವ ಸಿಲಿಕಾ (ಮರಳಿನಲ್ಲಿರುವಂಥದೇ ಗಟ್ಟಿ ಖನಿಜ) ಉಳಿಯ ಬಾಯನ್ನೂ ಬೇಗ ಮೊಂಡಾಗಿಸುತ್ತದೆ. ಮಲೆನಾಡಿನ ಮಳೆಗೆ ಒಡ್ಡಿಕೊಳ್ಳುವ ಹೊರಬಾಗಿಲಿಗಾದರೆ ಗೆದ್ದಲನ್ನು ತಡೆಯಬಲ್ಲ ಸಾಗುವಾನಿಯೇ ಸರಿ (ದರ ಕೇಳಿ ಗಾಬರಿಯಾಗಬಾರದು, ಅಷ್ಟೆ). ಕಲಿಕೆಗೂ ಮನೆಯೊಳಗಿನ ವಿಗ್ರಹಕ್ಕೂ ನನ್ನ ಆಯ್ಕೆ ಶಿವನೆ.