32ನೇ ಸೆಕೆಂಡಿಗೆ ಕಟ್ಟಾಗುತ್ತಿದ್ದ ಫೋನು: ಹೊಸ ರೌಟರ್ ಬಂದ ಮೇಲೆ ನಾನು ನೋಡಿದ ದಾರಿಗಳು

"ಮೆಕ್ಕೆಜೋಳಕ್ಕೆ ಡ್ರಿಪ್ ಹಾಕಿಸೀನಿ ಸರ್, ಕೊನೇ ಸಾಲಿಗೆ ನೀರೇ ಹೋಗವಲ್ದು..." ಅಷ್ಟರಲ್ಲಿ ಕಾಲ್ ಕಟ್. ಹರಿಹರದ ಕಡೆಯ ಆ ರೈತರು ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಅರ್ಧ ನಿಮಿಷಕ್ಕೆ ಕಟ್ಟಾಯಿತು.

ನಾನು ಡ್ರಿಪ್ ಸಾಮಾನು ಮಾರುವ ಕಂಪನಿಯ ಸಹಾಯವಾಣಿಯಲ್ಲಿದ್ದೇನೆ. ದಾವಣಗೆರೆ ವಿದ್ಯಾನಗರದ ಮನೆಯಿಂದಲೇ ಕೆಲಸ. ಕಂಪನಿ ಕೊಟ್ಟ ಐಪಿ ಫೋನು ಇಂಟರ್ನೆಟ್ ಮೇಲೆ ನಡೆಯುತ್ತದೆ. ಫೈಬರ್ ಬಾಕ್ಸ್ ಕೆಳಗೆ ಹಾಲಿನಲ್ಲಿದೆ, ಮಹಡಿ ರೂಮಿಗೆ ಅದರ ವೈಫೈ ಸಿಗುತ್ತಿರಲಿಲ್ಲ. ಅದಕ್ಕೇ ಹೊಸ ರೌಟರ್ ತಂದು, ಕೆಳಗಿನಿಂದ ಕೇಬಲ್ ಎಳೆದು ಮೇಲಿಟ್ಟೆ. ನೆಟ್ ಜೋರಾಯಿತು, ಫೋನ್ ಕೆಟ್ಟಿತು.

ಫೋನಿನ ಪರದೆ ನೋಡುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಸಲವೂ ಗಡಿಯಾರ 00:32ಕ್ಕೇ ನಿಲ್ಲುತ್ತಿತ್ತು. ಇದು ಸುಮ್ನೆ ಬಂದ ಸಂಖ್ಯೆಯಲ್ಲ. ನಾವು ಫೋನ್ ಎತ್ತಿದಾಗ ನಮ್ಮ ಫೋನು "ಎತ್ತಿದ್ದೇನೆ" ಅಂತ ಸಂದೇಶ ಕಳಿಸುತ್ತದೆ. ಆ ಕಡೆಯಿಂದ "ಗೊತ್ತಾಯಿತು" ಅಂತ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. 32 ಸೆಕೆಂಡ್ ಕಾದು ಕಾಲ್ ಮುಗಿಸಿಬಿಡುತ್ತದೆ. ಇಂಟರ್ನೆಟ್ ಫೋನುಗಳು ಕಾಲ್ ಜೋಡಿಸಲು, ಮುಗಿಸಲು ಪಾಲಿಸುವ ಎಸ್‌ಐಪಿ ಅನ್ನುವ ನಿಯಮದ 2002ರ ಆವೃತ್ತಿಯಲ್ಲೇ ಈ ಲೆಕ್ಕ ಇದೆ: ಅರ್ಧ ಸೆಕೆಂಡಿನ 64 ಪಟ್ಟು. ಅಂದರೆ ಉತ್ತರ ದಾರಿಯಲ್ಲೇ ಎಲ್ಲೋ ಕಳೆದುಹೋಗುತ್ತಿದೆ.

ಮೊದಲು ಮಾಡಿದ್ದು ಸುಲಭದ ಕೆಲಸ. ಐಪಿ ಫೋನ್ ಪಕ್ಕಕ್ಕಿಟ್ಟು ಮೊಬೈಲಿಗೆ ಕಂಪನಿಯ ಕಾಲಿಂಗ್ ಆ್ಯಪ್ ಹಾಕಿಕೊಂಡೆ. ಮೊಬೈಲ್ ಡೇಟಾದಲ್ಲಿ ಕಾಲ್ ಕಟ್ಟಾಗಲಿಲ್ಲ. ಆದರೆ ಮೊಬೈಲಿನ ಬ್ಯಾಟರಿ ಸೇವರ್ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಎರಡು ಕಾಲ್ ರಿಂಗೇ ಆಗಲಿಲ್ಲ. ಸಹಾಯವಾಣಿಗೆ ಇದು ಆಗದು.

ಎರಡನೆಯದು, ಗೆಳೆಯರೊಬ್ಬರು ಹೇಳಿದ್ದು: ಎಸ್‌ಐಪಿ ಸಂದೇಶಗಳು ಬರುವ ಬಾಗಿಲಾದ 5060 ಪೋರ್ಟನ್ನು ಫೈಬರ್ ಬಾಕ್ಸ್, ರೌಟರ್ ಎರಡರಲ್ಲೂ ಫೋನಿಗೆ ತೆರೆದುಬಿಡು. ತೆರೆದೆ. ಕಾಲ್ ಕಟ್ಟಾಗುವುದು ನಿಂತಿತು. ಆದರೆ ಅದೇ ರಾತ್ರಿ 2 ಗಂಟೆಗೆ ಫೋನ್ ಹೊಡೆದುಕೊಂಡಿತು. ಪರದೆ ಮೇಲೆ 1001. ಎತ್ತಿದರೆ ಮೌನ. ಐದು ನಿಮಿಷಕ್ಕೆ ಮತ್ತೆ, ಈ ಸಲ 100. ತೆರೆದ ಪೋರ್ಟ್ ಹುಡುಕಿಕೊಂಡು ಇಂಟರ್ನೆಟ್ ತುಂಬಾ ಸುತ್ತುವ ಪ್ರೋಗ್ರಾಂಗಳ ಕೆಲಸ ಇದು. ಅಮ್ಮ ಯಾರಿಗೋ ಏನೋ ಆಗಿದೆ ಅಂತ ಗಾಬರಿಯಿಂದ ಎದ್ದು ಬಂದರು. ಅವತ್ತೇ ಮುಚ್ಚಿದೆ. ದಯವಿಟ್ಟು ಯಾರೂ ಈ ದಾರಿ ಹಿಡಿಯಬೇಡಿ.

ಮೂರನೆಯದು ಎಸ್‌ಐಪಿ ಎಎಲ್‌ಜಿ ಆಫ್ ಮಾಡುವುದು. ಫೋನಿನ ಸಂದೇಶದೊಳಗೆ ಕೈಹಾಕಿ ವಿಳಾಸ ತಿದ್ದುವ, ರೌಟರಿನೊಳಗಿನ ಸೌಲಭ್ಯ ಇದು. ಸಹಾಯಕ್ಕೆಂದೇ ಇಟ್ಟಿದ್ದು, ಆದರೆ ಎಷ್ಟೋ ರೌಟರುಗಳಲ್ಲಿ ತಪ್ಪು ತಿದ್ದುತ್ತದೆ. ಟಿಕ್ ತೆಗೆದು, ರೌಟರನ್ನೂ ಫೋನನ್ನೂ ರೀಸ್ಟಾರ್ಟ್ ಮಾಡಿದೆ. 32 ಸೆಕೆಂಡಿನ ಕಾಟ ಅಲ್ಲಿಗೇ ನಿಂತಿತು! ಆದರೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳಬರುವ ಕಾಲ್ ಸಿಗುತ್ತಿರಲಿಲ್ಲ. ಫೋನಿನ ಸಂದೇಶ ಹೊರಹೋಗುವಾಗ ಹೊಸ ರೌಟರ್ ಒಮ್ಮೆ, ಫೈಬರ್ ಬಾಕ್ಸ್ ಒಮ್ಮೆ, ಎರಡು ಕಡೆ ಅದರ ವಿಳಾಸ ಬದಲಿಸಿ, ಉತ್ತರ ಬರಲು ದಾರಿ ತೆರೆದಿಡುತ್ತಿದ್ದವು. ಮಾತಿಲ್ಲದಿದ್ದರೆ ಆ ದಾರಿ ಮುಚ್ಚಿಕೊಳ್ಳುತ್ತದೆ. ದಾರಿ ಮುಚ್ಚದಂತೆ ಫೋನು ಆಗಾಗ ಕಳಿಸುವ ಸಣ್ಣ ಸಂದೇಶದ (ಕೀಪ್ ಅಲೈವ್) ಅಂತರವನ್ನು 20 ಸೆಕೆಂಡಿಗೆ ಇಳಿಸಿದ ಮೇಲೆ ಜಾಸ್ತಿ ಭಾಗ ಸರಿಹೋಯಿತು, ಪೂರ್ತಿ ಅಲ್ಲ.

ಬ್ರಿಡ್ಜ್ ಮೋಡ್ ಕೂಡ ನೋಡಿದೆ. ಫೈಬರ್ ಬಾಕ್ಸ್ ಬರೀ ಸೇತುವೆಯಾಗಿ, ಎಲ್ಲ ಕೆಲಸ ಹೊಸ ರೌಟರಿಗೆ. ಕಾಗದದ ಮೇಲೆ ಇದೇ ಚೆಂದ. ಆದರೆ ಸೆಟ್ಟಿಂಗ್ ಬದಲಿಸಲು ಬಂದ ಟೆಕ್ನಿಷಿಯನ್ ಬಾಕ್ಸಿನಲ್ಲಿದ್ದ ಎಲ್ಲ ಕನೆಕ್ಷನ್ ಅಳಿಸಿದರು. ಅದರಲ್ಲಿ ಲ್ಯಾಂಡ್‌ಲೈನಿನ ಕನೆಕ್ಷನ್ನೂ ಇತ್ತು. ಅಮ್ಮನ 08192 ನಂಬರಿಗೆ ಸಂಜೆವರೆಗೂ ಡಯಲ್ ಟೋನ್ ಇಲ್ಲ. ಬಾಕ್ಸಿನ ಹಿಂದೆ ಲ್ಯಾಂಡ್‌ಲೈನ್ ಚುಚ್ಚಿದ್ದರೆ, ಧ್ವನಿಯ ಕನೆಕ್ಷನ್ ಮುಟ್ಟಬೇಡಿ ಅಂತ ಮೊದಲೇ ಹೇಳಬೇಕು. ನಾನು ಹಳೆಯದಕ್ಕೇ ವಾಪಸ್ ಮಾಡಿಸಿದೆ.

ಕೊನೆಗೆ ನಮ್ಮ ಮನೆಗೆ ಒಗ್ಗಿದ್ದು ಆ್ಯಕ್ಸೆಸ್ ಪಾಯಿಂಟ್ ಮೋಡ್. ಹೊಸ ರೌಟರ್ ಇಲ್ಲಿ ವೈಫೈ ಹಂಚುತ್ತದೆ ಅಷ್ಟೇ. ವಿಳಾಸ ಕೊಡುವುದು, ಬದಲಿಸುವುದು ಎಲ್ಲ ಮೊದಲಿನ ಹಾಗೆ ಕೆಳಗಿನ ಬಾಕ್ಸಿನದೇ. ಆ ಬಾಕ್ಸ್ ಒಂದೇ ಇದ್ದಾಗ ಫೋನ್ ಚೆನ್ನಾಗೇ ಇತ್ತು, ಅಲ್ವಾ? ಮೆನುವಿನಲ್ಲಿ ಮೋಡ್ ಬದಲಿಸಿ, ರೀಸ್ಟಾರ್ಟ್ ಆಗುವವರೆಗೆ ಕಾದೆ. ಐಪಿ ಫೋನ್ ಹೊಸ ವಿಳಾಸ ಪಡೆದು ತಾನಾಗೇ ಕಂಪನಿಯ ಸರ್ವರಿಗೆ ರಿಜಿಸ್ಟರ್ ಆಯಿತು. ರೌಟರಿನ ಪೇರೆಂಟಲ್ ಕಂಟ್ರೋಲ್ ಮತ್ತು ಫೋನಿನಂಥ ಕೆಲಸಕ್ಕೆ ನೆಟ್‌ನಲ್ಲಿ ಆದ್ಯತೆ ಕೊಡುವ ಸೌಲಭ್ಯ ಹೋದವು. ಮಕ್ಕಳಿಗೆ ನೆಟ್ ಕಟ್ಟುಪಾಡು ಬೇಕೆನ್ನುವವರಿಗೆ ಇದು ದೊಡ್ಡ ನಷ್ಟ. ಅವರು ಎಎಲ್‌ಜಿ ಆಫ್ ಮಾಡಿ, ಕೀಪ್ ಅಲೈವ್ ಇಳಿಸಿಕೊಂಡು ನೋಡಬಹುದು. ನನಗೆ ಫೋನ್ ಮುಖ್ಯ. ಒಂದು ಕಾಲಿಗೆ ಬೇಕಾಗುವುದು ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಮಾತ್ರ, ಆದ್ಯತೆ ಇಲ್ಲದೆಯೂ ನಮ್ಮ ಲೈನಿನಲ್ಲಿ ಧ್ವನಿ ಸ್ಪಷ್ಟ.

ಮರುದಿನ ಹರಿಹರದವರಿಗೆ ನಾನೇ ಫೋನ್ ಮಾಡಿದೆ. ಫಿಲ್ಟರ್ ಬಿಚ್ಚಿಸಿ, ಜಾಲರಿ ತೊಳೆಸಿ, ಪೈಪಿನ ತುದಿ ತೆರೆದು ಕೆಸರು ಹೊರಬಿಡಿಸಿದೆ. ಲೈನಿನಲ್ಲೇ ಕಾದರು. ಕೊನೇ ಸಾಲಿನಲ್ಲಿ ಹನಿ ಬಿತ್ತು ಅಂದಾಗ ಗಡಿಯಾರ 19 ನಿಮಿಷ ದಾಟಿತ್ತು.

ಆ್ಯಪನ್ನು ಮೊಬೈಲಿನಿಂದ ತೆಗೆದಿಲ್ಲ. ಕರೆಂಟ್ ಹೋದರೆ ಐಪಿ ಫೋನ್ ಸತ್ತಂತೆಯೇ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಇದಕ್ಕೆ ಅದಿಲ್ಲ. ಬಾಕ್ಸಿಗೂ ರೌಟರಿಗೂ 12 ವೋಲ್ಟಿನ ಎರಡು ಸಣ್ಣ ಯುಪಿಎಸ್ ನೋಡಿಟ್ಟಿದ್ದೇನೆ, ಈ ವಾರ ತರಬೇಕು.